ಆಂದ್ಯೂಜ್ ಕುಂಡ, ಆಳಂದ ಸೀಮೆಯ ಗಡಿಗೆ

ಮದುವೆ ಗೊತ್ತಾದರೆ ಕುಂಬಾರರ ಮನೆಗೆ ಹೇಳಿ ಕಳಿಸುವುದು ನಮ್ಮ ಆಳಂದ ಭಾಗದ ಹಳೆಯ ರೂಢಿ. ಮುತ್ತೈದೆಯರು ವಾದ್ಯದೊಂದಿಗೆ ಹೋಗಿ, ಆ ಮನೆಯ ಹೆಣ್ಣುಮಗಳಿಗೆ ಉಡಿ ತುಂಬಿ, ಚಿತ್ತಾರ ಬರೆದ ಐರಾಣಿ ಗಡಿಗೆಗಳನ್ನು ತರುತ್ತಾರೆ. ಸ್ಟೀಲು, ಪ್ಲಾಸ್ಟಿಕ್ಕು ಬಂದು ಹರವಿ, ರಂಜಣಿಗೆಗಳು ಅಡುಗೆಮನೆಯಿಂದ ಹೊರಬಿದ್ದವು. ಐರಾಣಿಗೆ ಮಾತ್ರ ಬದಲಿ ಹುಟ್ಟಲಿಲ್ಲ. ಇಲ್ಲಿಯ ಭೂಸನೂರಿನ ಸುತ್ತ ಈಗ ಕಬ್ಬಿನದೇ ಮಾತು, ಸಕ್ಕರೆ ಕಾರ್ಖಾನೆಯದೇ ಲೆಕ್ಕ. ಆದರೂ ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಮಣ್ಣೆತ್ತು ಬೇಕು, ದೀಪಾವಳಿಗೆ ಪಣತಿ ಬೇಕು.

ತಿಗರಿಯ ಮೇಲೆ ಗಡಿಗೆ ಪೂರ್ತಿಯಾಗುವುದಿಲ್ಲ. ಇಳಿಸಿದ ಮೇಲೆ ಒಳಗೆ ಕಲ್ಲು ಆನಿಸಿ, ಹೊರಗಿನಿಂದ ಹಲಗೆಯಲ್ಲಿ ಬಡಿಬಡಿದು ಗೋಡೆಯನ್ನು ತೆಳುಮಾಡಬೇಕು. ನೆರಳಲ್ಲಿ ಒಣಗಿಸಿ ಆವಿಗೆಗಿಟ್ಟು ಸುಟ್ಟಾಗ ಸಣ್ಣ ರಂಧ್ರಗಳುಳಿಯುತ್ತವೆ. ಅವುಗಳಿಂದ ಜಿನುಗಿದ ನೀರು ಆರುತ್ತ ಒಳಗಿನದನ್ನು ತಂಪಾಗಿಡುತ್ತದೆ. ಕಲಬುರಗಿಯ ಬಿಸಿಲಿಗೆ ತಕ್ಕ ವಿದ್ಯೆ ಇದು. ಮಣ್ಣು ಹದಮಾಡುವುದರಿಂದ ಬಣ್ಣ ಬರೆಯುವವರೆಗೆ ಹೆಣ್ಣುಮಕ್ಕಳ ಕೈಯಿದೆ, ಅದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ದಕ್ಷಿಣ ಫ್ರಾನ್ಸಿನ ಆಂದ್ಯೂಜ್ ಊರಿನ ಕುಂಬಾರರದು ಬೇರೆ ಅಗತ್ಯ. ಅವರ ದಪ್ಪ ಗೋಡೆಯ ತೋಟದ ಕುಂಡಗಳು ಕಿತ್ತಳೆ, ನಿಂಬೆ ಗಿಡಗಳಿಗಾಗಿ. ಚಳಿಗಾಲದಲ್ಲಿ ಅವನ್ನು ಗಿಡಸಮೇತ ಒಳಗಿಡಬಹುದು. ಹಸಿರು, ಕಂದು, ಜೇನು ಬಣ್ಣದ ಮೆರುಗು ಮೈಮೇಲೆ ಹರಿದಿರುತ್ತದೆ. 17ನೇ ಶತಮಾನದ ಆರಂಭದಲ್ಲಿ ಬೋಕೇರ್ ಜಾತ್ರೆಯಲ್ಲಿ ಇಟಲಿಯ ಕುಂಡ ಕಂಡ ಒಬ್ಬ ಕುಂಬಾರ ಇಂಥ ಕುಂಡ ಮಾಡಲು ಆರಂಭಿಸಿದನೆಂದು ಅಲ್ಲಿಯ ಜನ ಹೇಳುತ್ತಾರೆ. ನನ್ನ ಮನಸ್ಸು ನಿಂತದ್ದು ಆ ಮೆರುಗಿನಲ್ಲಲ್ಲ. ಕುಂಡದ ಮೇಲಿನ ಹೂಮಾಲೆಯ ನಡುವೆ ಒಂದು ಮುದ್ರೆ ಇರುತ್ತದೆ. ಎಷ್ಟೋ ಕುಂಡಗಳಲ್ಲಿ ಅದು ಮಾಡಿದವರ ಹೆಸರು ಹೇಳುತ್ತದೆ. ಅದರ ನೆರವಿನಿಂದ ಕುಂಬಾರ ಮನೆತನಗಳ ಚರಿತ್ರೆ ಬರೆಯಲು ಸಾಧ್ಯವಾಗಿದೆ.

ಹೆಸರು ಉಳಿಸುವ ಕ್ರಮ ನಮಗೂ ಹೊಸದಲ್ಲ. ಭಾಲ್ಕಿಯ ಕುಂಬಾರ ಗುಂಡಯ್ಯ ಗಡಿಗೆ ಬಾರಿಸಿದರೆ ಶಿವನೇ ಕುಣಿದನೆಂದು ಹರಿಹರ ರಗಳೆ ಬರೆದ. ಗುಂಡಯ್ಯನ ಪುಣ್ಯಸ್ತ್ರೀ ಕೇತಲದೇವಿ ತನ್ನ ವಚನಕ್ಕೆ ಕುಂಭೇಶ್ವರ ಎಂಬ ಅಂಕಿತವಿಟ್ಟಳು. ವಚನಕ್ಕೆ ದಕ್ಕಿದ್ದು ಗಡಿಗೆಗೆ ದಕ್ಕಲಿಲ್ಲ. ಭೀಮೆಯ ದಡದ ಸನ್ನತಿಯಲ್ಲಿ ಶಾತವಾಹನರ ಕಾಲದ ಮಡಕೆಚೂರುಗಳು ಸಿಕ್ಕಿವೆ. ಅವುಗಳನ್ನು ನಾವು ಅರಸರ ಹೆಸರಿನಿಂದ ಗುರುತಿಸುತ್ತೇವೆ, ಕುಂಬಾರರ ಹೆಸರಿನಿಂದಲ್ಲ.

ನಮ್ಮ ಸೀಮೆಯ ಕುಂಬಾರ ಮನೆತನಗಳ ಪಟ್ಟಿ ಮಾಡುವ ಹಿರಿಯರು ಗಂಡಸರ ಜೊತೆಗೆ ಚಿತ್ತಾರ ಬರೆಯುವ ತಾಯಂದಿರ ಹೆಸರನ್ನೂ ಬರೆದುಕೊಳ್ಳಲಿ. ಮುಂದಿನ ಲಗ್ನಸರಾಯಿಯ ಐರಾಣಿಯ ಕಂಠದ ಕೆಳಗೆ, ಮಣ್ಣು ಹಸಿಯಿರುವಾಗಲೇ, ಒಂದೊಂದು ಮನೆಯದು ಒಂದೊಂದು ಮುದ್ರೆ ಬೀಳಲಿ. ಆ ಮುದ್ರೆಯನ್ನೂ ಅದೇ ಮಣ್ಣಿನಲ್ಲಿ ಕೊರೆದು ಅದೇ ಆವಿಗೆಯಲ್ಲಿ ಸುಡಬಹುದು.