ಮುರಕಲ್ಲಿನ ಗಡಸುತನ

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ತಲ್ಲೂರು ಸಿಗುತ್ತದೆ. ಈ ಸೀಮೆಯ ಹಳೆಯ ಮನೆಗಳ ಗೋಡೆ, ಬಾವಿಕಟ್ಟೆ, ತೋಟದ ಪಾಗಾರ ಎಲ್ಲಕ್ಕೂ ಬಳಸಿದ್ದು ಕೆಂಪುಕಲ್ಲು. ಆಡುಮಾತಿನಲ್ಲಿ ಮುರಕಲ್ಲು, ಪುಸ್ತಕದ ಕನ್ನಡದಲ್ಲಿ ಜಂಬಿಟ್ಟಿಗೆ. ಇದು ಎಷ್ಟು ಗಟ್ಟಿ ಎಂದು ಕೇಳಿದರೆ ಕಲ್ಲು ಕಡಿಯುವವನು ಮೊದಲು ಕೇಳುವುದು ಬೇರೆಯದೇ ಪ್ರಶ್ನೆ: ಕೋರೆಯಿಂದ ತೆಗೆದು ಎಷ್ಟು ದಿನ ಆಯಿತು?

ಆ ಪ್ರಶ್ನೆ ಯಾಕೆ ಬೇಕು ಎಂಬುದನ್ನು ಮೊದಲು ಇಂಗ್ಲಿಷಿನಲ್ಲಿ ಬರೆದಿಟ್ಟವನು ಫ್ರಾನ್ಸಿಸ್ ಬುಕನನ್, ಸ್ಕಾಟ್‌ಲೆಂಡಿನ ವೈದ್ಯ. ಟಿಪ್ಪು ಸತ್ತ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ. 1801ರ ಆರಂಭದಲ್ಲಿ ಕುಂದಾಪುರದ ಮೇಲಿಂದಲೇ ಉತ್ತರಕ್ಕೆ ಹೋದ. ಅದಕ್ಕೆ ಸ್ವಲ್ಪ ಮೊದಲು ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಹತ್ತಿರದಿಂದ ನೋಡಿದ್ದ. ನೆಲದೊಳಗೆ ಗಾಳಿ ತಾಗದೆ ಇರುವಷ್ಟು ಕಾಲ ಯಾವ ಕಬ್ಬಿಣದ ಹತ್ಯಾರಿಗೂ ಸಲೀಸಾಗಿ ಬಗ್ಗುವಷ್ಟು ಮೆತ್ತಗೆ. ಪಿಕಾಸಿಯಲ್ಲಿ ಎಬ್ಬಿಸಿ, ಕರಣೆಯಲ್ಲೋ ದೊಡ್ಡ ಕತ್ತಿಯಲ್ಲೋ ಬೇಕಾದ ಆಕಾರಕ್ಕೆ ಕೆತ್ತಿ ಹೊರಗಿಟ್ಟರೆ ಬೇಗನೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಗಾಳಿ, ನೀರನ್ನು ಇಟ್ಟಿಗೆಗಿಂತ ಚೆನ್ನಾಗಿ ತಡೆಯುತ್ತದೆ ಎಂದು ಅವನ ವಿವರಣೆ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ 'ಲೇಟರ್' ಎನ್ನುತ್ತಾರಾದ್ದರಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ಸ್ಥಳೀಯರು ಇದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆಂದೂ ಬರೆದ. ನಮ್ಮ ಜಂಬಿಟ್ಟಿಗೆಯೊಳಗೂ ಇಟ್ಟಿಗೆ ಇದೆ. ಹೆಸರಿಟ್ಟ ಕೀರ್ತಿ ಬುಕನನ್‌ಗೆ ಹೋಯಿತು, ಅರ್ಥ ಮಾತ್ರ ಇಲ್ಲಿಯದೇ. 1979ರಲ್ಲಿ ಅಂಗಾಡಿಪುರಂನಲ್ಲಿ ಇದರ ನೆನಪಿಗೆ ಒಂದು ಸ್ಮಾರಕವನ್ನೂ ನಿಲ್ಲಿಸಿದರು.

ಬುಕನನ್‌ನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಐದು ವರ್ಷಗಳ ನಂತರ, 1812ರಲ್ಲಿ, ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞ ಹತ್ತು ಖನಿಜಗಳನ್ನು ಸಾಲಾಗಿಟ್ಟ. ಮೊದಲನೆಯದು ಟಾಲ್ಕ್, ಹತ್ತನೆಯದು ವಜ್ರ. ಯಾವುದು ಯಾವುದನ್ನು ಗೀರಬಲ್ಲದೋ ಅದು ಹೆಚ್ಚು ಗಡಸು, ಇಷ್ಟೇ ಲೆಕ್ಕ. ಉಗುರು ಸುಮಾರು ಎರಡೂವರೆ, ಚಾಕು ಐದೂವರೆ. ಈ ಅಳತೆಯನ್ನು ಮುರಕಲ್ಲಿಗೆ ಹಿಡಿದರೆ ತಮಾಷೆಯಾಗುತ್ತದೆ. ಅದರ ಕಂದು ಭಾಗದಲ್ಲಿರುವ ಗೋಥೈಟ್ ಎಂಬ ಕಬ್ಬಿಣದ ಖನಿಜ ಐದರ ಮೇಲೆ. ಪಕ್ಕದ ತೂತಿನಲ್ಲಿ ತುಂಬಿಕೊಂಡ ಬಿಳಿ ಜೇಡಿ ಎರಡರ ಆಸುಪಾಸು. ಒಂದೇ ಕಲ್ಲಿಗೆ ಒಂದಂಗುಲದ ಅಂತರದಲ್ಲಿ ಎರಡು ಅಂಕ!

1900ರಲ್ಲಿ ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ ಇನ್ನೊಂದು ಉಪಾಯ ತೋರಿಸಿದ. 10 ಮಿಲಿಮೀಟರ್ ಅಗಲದ ಗಟ್ಟಿ ಗುಂಡನ್ನು 3000 ಕಿಲೋ ಭಾರದಲ್ಲಿ ಉಕ್ಕಿನ ಮೇಲೆ ಒತ್ತಿ, ಉಳಿದ ಕುಳಿಯ ಅಗಲ ಅಳೆಯುವುದು. ಕುಳಿ ಚಿಕ್ಕದಾದಷ್ಟೂ ಲೋಹ ಗಡಸು. ಆಮೇಲೆ ಬಂದ ರಾಕ್‌ವೆಲ್, ವಿಕರ್ಸ್ ಯಂತ್ರಗಳೂ ಇದೇ ಜಾಡಿನವು. ಉಕ್ಕು ಎಲ್ಲೆಲ್ಲೂ ಒಂದೇ ಸಮ ಇರುವುದರಿಂದ ಅಲ್ಲಿ ಇದು ನಡೆಯುತ್ತದೆ. ಮುರಕಲ್ಲಿನ ಮೇಲೆ ಆ ಗುಂಡು ತೂತಿಗೇ ಬಿದ್ದರೆ ಏನು ಅಳೆದಂತಾಯಿತು? ಕಾಂಕ್ರೀಟಿಗೆಂದು ಸ್ವಿಟ್ಜರ್‌ಲೆಂಡಿನ ಅರ್ನ್ಸ್ಟ್ ಷ್ಮಿಟ್ ಮಾಡಿದ ಸುತ್ತಿಗೆ ಹೊಡೆತದ ಪುಟಿತವನ್ನು ಅಂಕಿಯಾಗಿಸುತ್ತದೆ. ತೂತುಗಲ್ಲಿನ ಮೇಲೆ ಅದಕ್ಕೂ ಇದೇ ಕಷ್ಟ. ಒಂದು ಅಂಕಿಯನ್ನು ನಂಬುವಂತಿಲ್ಲ, ಹತ್ತಾರು ಕಡೆ ಹೊಡೆದು ಸರಾಸರಿ ನೋಡಬೇಕು.

ಕೈಯಿಂದ ಕಲ್ಲು ಕಡಿಯುತ್ತಿದ್ದ ಕಾಲದಲ್ಲಿ ಪರೀಕ್ಷೆ ಬೇರೆ, ಕೆಲಸ ಬೇರೆ ಎಂದಿರಲಿಲ್ಲ. ಪಿಕಾಸಿ ಎಷ್ಟು ಆಳ ಇಳಿಯಿತು ಎಂಬುದೇ ಬ್ರಿನೆಲ್‌ನ ಕುಳಿ. ಬಡಿದಾಗ ಟಣ್ ಎಂದರೆ ಒಂದು ರಾಶಿ, ಬೊದ್ ಎಂದರೆ ಇನ್ನೊಂದು. ಹೆಂಚು ಕೊಳ್ಳುವಾಗ ಒಂದಕ್ಕೊಂದು ತಾಗಿಸಿ ಕಿವಿಗೊಟ್ಟು ನೋಡುವುದೂ ಇದೇ ವಿದ್ಯೆ. ಜೇಡಿ ಜಾಸ್ತಿಯಿದ್ದ ಕಲ್ಲು ಕಡಿಯುವಾಗಲೇ ಪುಡಿಯಾಗಿ ತನ್ನನ್ನು ತಾನೇ ತಿರಸ್ಕರಿಸಿಕೊಳ್ಳುತ್ತಿತ್ತು. ಉಳಿದದ್ದನ್ನು ಹೊರಗೆ ಒಟ್ಟಿಡುತ್ತಿದ್ದರು. ಒಳಗಿನ ತೇವ ಆರುತ್ತ, ಕಬ್ಬಿಣದ ಅಂಶ ನೀರು ಬಿಟ್ಟು ಬಿಗಿಯುತ್ತ ಕಲ್ಲು ಬಲಿಯುತ್ತದೆ. ಒದ್ದೆಯಾಗಿ ಮತ್ತೆ ಒಣಗಿದಷ್ಟೂ ಒಳ್ಳೆಯದೇ. ಮೋಸ್, ಬ್ರಿನೆಲ್ ಇಬ್ಬರ ಅಳತೆಯೂ ಆ ಕ್ಷಣದ ಗಡಸನ್ನು ಹೇಳುತ್ತದೆ. ಈ ಕಲ್ಲಿಗೆ ಬೇಕಾದದ್ದು ತಿಂಗಳುಗಳ ಲೆಕ್ಕ.

ಭಾರತೀಯ ಮಾನಕ ಸಂಸ್ಥೆಗೂ ಇದರ ಪಾಡು ಗೊತ್ತಿದೆ. ಕೆಂಪುಕಲ್ಲಿಗೆಂದೇ ಇರುವ 1979ರ ಮಾನಕ ಗೀರುವ ಗೊಡವೆಗೆ ಹೋಗದೆ ಇಡೀ ಕಲ್ಲನ್ನು ಯಂತ್ರದಲ್ಲಿ ಅದುಮಿ, ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಭಾರ ತಡೆಯಬೇಕು ಎನ್ನುತ್ತದೆ. ಕಟ್ಟುವ ಮೊದಲು ಕಲ್ಲನ್ನು ಕೆಲವು ತಿಂಗಳು ಗಾಳಿಗೆ ಒಡ್ಡಬೇಕೆಂದು ಎಂಜಿನಿಯರಿಂಗ್ ಪುಸ್ತಕಗಳೂ ಹೇಳುತ್ತವೆ. ಆದರೆ ಒಂದು ಲೋಡು ಕಲ್ಲು ಇಳಿಸಿಕೊಳ್ಳುವ ಮನೆಯವರು ಅದನ್ನು ಪ್ರಯೋಗಾಲಯಕ್ಕೆ ಹೊತ್ತುಕೊಂಡು ಹೋಗುತ್ತಾರೆಯೇ?

ಈಗ ಕೋರೆಗಳಲ್ಲಿ ಹಳಿಯ ಮೇಲೆ ಓಡುವ ಗರಗಸದ ಚಕ್ರ ಬಂದಿದೆ. ಬೆನ್ನು ಮುರಿಯುವ ದುಡಿಮೆ ತಪ್ಪಿತು, ಅದರ ಬಗ್ಗೆ ಹಳಹಳಿಕೆ ಬೇಡ. ಆದರೆ ಚಕ್ರಕ್ಕೆ ಮೆತ್ತನೆಯದೂ ಗಟ್ಟಿಯದೂ ಒಂದೇ. ಎರಡೂ ಅಚ್ಚುಕಟ್ಟಾದ ಮೂಲೆಗಳೊಂದಿಗೆ ಹೊರಬರುತ್ತವೆ. ಹಸಿ ಕಲ್ಲೇ ಗೋಡೆ ಸೇರಿಬಿಡಲೂಬಹುದು. ಹಿಂದೆ ಪಿಕಾಸಿಯೇ ಮಾಡುತ್ತಿದ್ದ ವಿಂಗಡಣೆಯನ್ನು ಈಗ ಮಳೆಗಾಲ ಮಾಡಬೇಕಾಗಿದೆ. ಪಡುವಣದ ಗೋಡೆಯಲ್ಲಿ ಜೇಡಿ ತೊಳೆದುಹೋಗಿ ಗುಳಿಬಿದ್ದ ಕಲ್ಲು ಯಾವುದೆಂದು ಎರಡು ಮೂರು ಮಳೆಗಾಲ ಕಳೆದ ಮೇಲೆ ಯಾರಾದರೂ ತೋರಿಸಬಹುದು, ಅದರ ಮೇಲೆ ಸಾರಣೆ ಆಗಿಲ್ಲದಿದ್ದರೆ. ಆದ್ದರಿಂದ ಲೋಡು ಅಂಗಳಕ್ಕೆ ಬಂದ ದಿನವೇ ನಾಲ್ಕು ಕಲ್ಲು ಆರಿಸಿ, ನೀರಲ್ಲಿ ನೆನೆಸಿ, ಮೊಳೆಯಲ್ಲಿ ಗೀರಿ ನೋಡುವುದು ವಾಸಿ. ಮೇಸ್ತ್ರಿ ಗೊಣಗಬಹುದು, ಗೊಣಗಲಿ.