ಪಾವಟಿಗೆಯ ಬಾವಿ

ಕೆರೆಯನ್ನು ಕಟ್ಟಿಸಿದವರ ಹೆಸರು ಶಾಸನದಲ್ಲಿ ನಿಲ್ಲುತ್ತದೆ; ಅದರ ಹೂಳನ್ನು ಹೊತ್ತು ಹಾಕಿದವರ ಹೆಸರು ಎಲ್ಲಿಯೂ ನಿಲ್ಲುವುದಿಲ್ಲ. ಆದರೆ ನೀರು ನಿಂತುದು ಈ ಎರಡನೆಯವರ ದುಡಿಮೆಯಿಂದ.

ಆಳಂದ, ಅಫಜಲಪುರ, ಜೇವರ್ಗಿಗಳದು ಬಹುಮಟ್ಟಿಗೆ ಎರೆಯ ಭೂಮಿ. ಬೇಸಗೆಯಲ್ಲಿ ಬಿರಿದು ಬಾಯಿಬಿಡುವ ಈ ಮಣ್ಣು ಮಳೆ ಬಂದೊಡನೆ ಕರಗಿ, ಹರಿದು, ತಗ್ಗಿನ ಹೊಂಡವನ್ನು ಸೇರುತ್ತದೆ. ಇಂಥ ನೆಲದಲ್ಲಿ ಹೂಳೆತ್ತುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಹಿರಿಯರು ಇದನ್ನು ಅರಿತಿದ್ದರು. ಆಳಂದದ ಪಶ್ಚಿಮಕ್ಕಿರುವ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, 12ನೆಯ ಶತಮಾನದ ಸಿದ್ಧರಾಮ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಎಲ್ಲರೂ ಬಲ್ಲರು. ಆದರೆ ಕಟ್ಟಿಸಿದರೆ ಸಾಲದು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳನ್ನು ನೋಡಿ. ಕೆರೆಯನ್ನು ಕಟ್ಟಿದವರಿಗೆ, ಕೆಟ್ಟಾಗ ತಿದ್ದಿದವರಿಗೆ ಭೂಮಿಯ ಅಥವಾ ಬೆಳೆಯ ಒಂದು ಪಾಲನ್ನು ಬಿಟ್ಟುಕೊಡುವ ಏರ್ಪಾಡು ಅದು. ಪುಣ್ಯದ ಆಸೆಯೊಂದನ್ನೇ ನಂಬಿ ಅವರು ನೀರನ್ನು ಬಿಟ್ಟಿರಲಿಲ್ಲ.

ಕೆರೆಯಿಲ್ಲದ ಊರಿಗೆ ಪಾವಟಿಗೆಯ ಬಾವಿಯೇ ಆಧಾರವಾಗಿತ್ತು. ನೀರು ಇಳಿದಂತೆ ಮನುಷ್ಯನೂ ಇಳಿಯಬೇಕು. ತಳ ಕಂಡಾಗ ಅದೇ ಪಾವಟಿಗೆಯ ಮೇಲೆ ಕೆಸರಿನ ಬುಟ್ಟಿ ಏರಿ ಬರಬೇಕು. ಆದರೆ ಈ ಅನುಕೂಲವೇ ಒಂದು ಕೇಡಿಗೂ ದಾರಿಯಾಯಿತು. ಅದೇ ನಾರುಹುಣ್ಣು. ರೋಗಿಯ ಕಾಲಿನ ಬೊಕ್ಕೆ ನೀರನ್ನು ಮುಟ್ಟಿದೊಡನೆ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಅವು ಕಣ್ಣಿಗೆ ಕಾಣದಷ್ಟು ಸಣ್ಣ ನೀರಹುಳುವಿನ ಹೊಟ್ಟೆ ಸೇರುತ್ತವೆ. ಆ ನೀರನ್ನು ಕುಡಿದವನ ಮೈಯಿಂದ ಸುಮಾರು ಒಂದು ವರ್ಷದ ಮೇಲೆ ಮೊಳದುದ್ದದ, ಕೆಲವೊಮ್ಮೆ ಅದಕ್ಕೂ ಉದ್ದದ ಹುಳು ಹೊರಬೀಳುತ್ತದೆ. ಸುಗ್ಗಿಯ ದಿನಗಳಲ್ಲಿ ದುಡಿಯುವ ಕಾಲೇ ಹಾಸಿಗೆ ಹಿಡಿದರೆ ಒಕ್ಕಲಿಗನ ಗತಿಯೇನು?

ಈ ರೋಗಕ್ಕೆ ಲಸಿಕೆಯಿಲ್ಲ, ಗುಣಪಡಿಸುವ ಔಷಧಿಯೂ ಇಲ್ಲ. ಆದರೂ ಅದು ನಮ್ಮ ದೇಶದಿಂದ ತೊಲಗಿತು. 1996ರಲ್ಲಿ ಕೊನೆಯ ರೋಗಿ ಕಂಡುಬಂದರು. 2000ದಲ್ಲಿ ಭಾರತ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಗೆದ್ದದ್ದು ಯಾವುದರಿಂದ? ಕೊಡದ ಬಾಯಿಗೆ ಕಟ್ಟಿದ ಬಟ್ಟೆಯಿಂದ, ನೀರಿಗೆ ಹಾಕಿದ ಮದ್ದಿನಿಂದ, ಪಾವಟಿಗೆಯನ್ನು ಮುಚ್ಚಿ ಹಗ್ಗದಿಂದ ಸೇದುವ ಬಾವಿ ಮಾಡಿದ್ದರಿಂದ, ಕೊಳವೆಬಾವಿಯಿಂದ. ಎಂದರೆ, ನೀರನ್ನು ಕಾಯುವ ನಿತ್ಯದ ಎಚ್ಚರದಿಂದ.

ಆದರೆ ರೋಗದ ಭಯ ಹೋದೊಡನೆ ಬಾವಿಯ ಚಿಂತೆಯೂ ಹೋಯಿತು. ಕೊಳವೆಯ ನೀರು ಮನೆಗೆ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಹಳೆಯ ಬಾವಿ ಕಸದ ಗುಂಡಿಯಾಗಿದೆ. ನಾವು ದೂರ ಇಡಬೇಕಾಗಿದ್ದುದು ಕುಡಿಯುವ ನೀರಿನಲ್ಲಿ ಅದ್ದುವ ಕಾಲನ್ನು. ದೂರ ಇಟ್ಟದ್ದು ಬಾವಿಯನ್ನೇ.

ತಮ್ಮ ಹಿತ್ತಲಲ್ಲಿ ಪುಟ್ಟ ಹೊಂಡವೊಂದು ಇದ್ದರೆ ಈ ಚರಿತ್ರೆ ಅಲ್ಲಿಯೂ ನಡೆಯುತ್ತಿರುತ್ತದೆ. ಉದುರಿದ ಎಲೆಯನ್ನು ಅಂದಂದೇ ತೆಗೆಯಬೇಕು. ಬಚ್ಚಲ ನೀರು ಸೇರದಂತೆ ನೋಡಬೇಕು. ಸೊಳ್ಳೆಯ ಮರಿಯನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಡಬೇಕು. ಮಳೆಗಾಲಕ್ಕೆ ಮುನ್ನ, ಮೀನಿಗೆ ಬೇಕಾದಷ್ಟು ನೀರನ್ನು ಉಳಿಸಿ, ಹೂಳೆತ್ತಬೇಕು. ಆ ಹೂಳು ಮಲ್ಲಿಗೆಯ ಬುಡಕ್ಕೆ ಒಳ್ಳೆಯ ಗೊಬ್ಬರ. ಇದಕ್ಕೆ ಯಾರೂ ಶಾಸನ ಬರೆಸುವುದಿಲ್ಲ. ಮುಂದಿನ ಬೇಸಗೆಗೆ ನೀರು ತಿಳಿಯಾಗಿದ್ದರೆ ಅಷ್ಟೇ ಸಾಕು.