ಅನಾಮಾರ್ಫಿಕ್ ಪ್ರೊಜೆಕ್ಷನ್ ಲೆನ್ಸ್: ಬದಲಿ ಆಯ್ಕೆ

35 ಮಿ.ಮೀ. ಫಿಲ್ಮಿನ ಮೇಲೆ ಅಡ್ಡಕ್ಕೆ ಅರ್ಧದಷ್ಟು ಕುಗ್ಗಿಸಿದ ಚಿತ್ರವನ್ನು ಪರದೆಯ ಮೇಲೆ ಎರಡು ಪಟ್ಟು ಅಗಲಿಸಿ ಸಹಜ ಆಕಾರಕ್ಕೆ ತರುವ ಮಸೂರ ಜೋಡಣೆ; ಪ್ರೊಜೆಕ್ಟರಿನ ಮೂಲ ಲೆನ್ಸಿನ ಮುಂದೆ ಕೂರುತ್ತದೆ. ಫ್ರಾನ್ಸಿನ ಆನ್ರಿ ಕ್ರೆತಿಯೆಂ 1920ರ ದಶಕದಲ್ಲಿ ರೂಪಿಸಿದ ಈ ವಿಧಾನ 1953ರ 'ದಿ ರೋಬ್' ಚಿತ್ರದೊಂದಿಗೆ ಸಿನಿಮಾಸ್ಕೋಪ್ ಆಗಿ ಚಿತ್ರಮಂದಿರಗಳಿಗೆ ಬಂತು. ಹಳೆಯದು ಕೆಟ್ಟಾಗ ಹೊಸದರ ತಯಾರಕರ ಹೆಸರನ್ನೇ ಮೊದಲು ನೋಡುವ ರೂಢಿಯುಂಟು. ನಿಜಕ್ಕೂ ನೋಡಬೇಕಾದದ್ದು ಹಿಂಬದಿಯ ಗಾಜಿನ ವ್ಯಾಸ. ಮೂಲ ಲೆನ್ಸಿನಿಂದ ಹೊರಬರುವ ಬೆಳಕಿನ ಕಂಬಕ್ಕಿಂತ ಅದು ಕಿರಿದಾದರೆ ಪರದೆಯ ಅಂಚುಗಳು ಮಬ್ಬಾಗುತ್ತವೆ. ಅಡಾಪ್ಟರ್ ಬಳೆ ಹಾಕಿದರೆ ಸಾಲದೇ ಎಂಬ ವಾದವಿದೆ; ಬಳೆ ಎರಡು ಕೊಳವೆಗಳನ್ನು ಕೂಡಿಸುತ್ತದೆ, ಗಾಜನ್ನು ಹಿಗ್ಗಿಸುವುದಿಲ್ಲ.

ಚಿತ್ರದ ಅಗಲವನ್ನು ನಿರ್ಧರಿಸುವುದು ಮೂಲ ಲೆನ್ಸಿನ ಸಂಗಮದೂರ. ಫಿಲ್ಮ್ ಹಾದುಹೋಗುವ ಗೇಟಿನ ಕಿಂಡಿಯ ಅಗಲ 21.3 ಮಿ.ಮೀ., ಪರದೆ 30 ಮೀಟರ್ ದೂರ, ಸಂಗಮದೂರ 85 ಮಿ.ಮೀ. ಇದ್ದರೆ ಎರಡು ಪಟ್ಟು ಹಿಗ್ಗಿದ ಚಿತ್ರ ಸುಮಾರು 15 ಮೀಟರ್ ಬರುತ್ತದೆ. ಆದ್ದರಿಂದ ಹಳೆಯ ಜೋಡಣೆಯಲ್ಲಿ ಚಿತ್ರ ಪರದೆಗೆ ಸರಿಯಾಗಿ ಕೂರುತ್ತಿದ್ದರೆ ಮೂಲ ಲೆನ್ಸನ್ನು ಮುಟ್ಟಬೇಕಿಲ್ಲ. ವಿಡಿಯೊಗಾಗಿ ಮಾಡಿದ 1.33 ಪಟ್ಟಿನ ಅಗ್ಗದ ಲೆನ್ಸುಗಳು ಇಲ್ಲಿ ನಿರುಪಯುಕ್ತ. ಮುಖಗಳು ಸೊರಗಿಯೇ ಉಳಿಯುತ್ತವೆ. ಮೂಲ ಲೆನ್ಸ್ ಮತ್ತು ಅನಾಮಾರ್ಫಿಕ್ ಭಾಗ ಎರಡನ್ನೂ ಒಂದೇ ಕೊಳವೆಯಲ್ಲಿ ಕೂಡಿಸಿದ ಲೆನ್ಸೇ ಮೇಲು ಎಂಬ ಆಕ್ಷೇಪದಲ್ಲಿ ತಿರುಳಿದೆ: ಒಟ್ಟಾಗಿ ವಿನ್ಯಾಸಗೊಂಡದ್ದರಿಂದ ಹೊಂದಾಣಿಕೆಯ ತೊಡಕು ಕಡಿಮೆ. ಆದರೆ ಅದರ ಸಂಗಮದೂರ ಆ ಮಂದಿರಕ್ಕೆ ಸರಿಹೊಂದಲೇಬೇಕು. ಹಳೆಯ ಸರಕಿನ ಪೇಟೆಯಲ್ಲಿ ಅದು ಅದೃಷ್ಟದ ಮಾತು. ಬಳಸಿದ ಲೆನ್ಸ್ ಕೊಳ್ಳುವಾಗ ಗಾಜಿನ ನಡುವಿನ ಬೂಷ್ಟು, ಅಂಟು ಬಿಟ್ಟ ಗುರುತುಗಳನ್ನು ಟಾರ್ಚ್ ಹಿಡಿದು ನೋಡಬೇಕು. ಜೋಡಣೆಯನ್ನು ತಿರುಗಿಸಿ ಬಿಗಿಮಾಡಲು ಅನುಕೂಲವೂ ಇರಬೇಕು, ಏಕೆಂದರೆ ಅಕ್ಷ ತುಸು ವಾಲಿದರೂ ನೆಟ್ಟಗಿನ ಕಂಬ ಓರೆಯಾಗುತ್ತದೆ.